ಬಿಡಿ ಇಟ್ಟಿಗೆಯ ಬಂಡವಾಳ

ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಆಡುವ ಲೆಗೊ ಆಟಿಕೆಯ ಸೆಟ್‌ಗಳನ್ನು ಡಬ್ಬಿ ಒಡೆಯದೆ ವರ್ಷಗಟ್ಟಲೆ ಇಟ್ಟುಕೊಂಡು ಆಮೇಲೆ ಮಾರುವವರು ಬಹಳ ಮಂದಿ. ಮ್ಯೂನಿಕ್‌ನ ನನ್ನ ಪುಟ್ಟ ಮನೆಯಲ್ಲಿ ಅಷ್ಟು ಡಬ್ಬಿಗಳಿಗೆ ಜಾಗವಿಲ್ಲ. ಮೂಲೆ ನಜ್ಜಿದರೂ ಸಾಕು, ಡಬ್ಬಿಯ ಬೆಲೆ ಇಳಿಯುತ್ತದೆ. ಹಾಗಾಗಿ ನಾನು ಬಿಡಿ ಇಟ್ಟಿಗೆಗಳನ್ನು ಕೊಂಡು ಕೂಡಿಡುತ್ತೇನೆ. 1958ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಜೋಡಣೆಯೇ ಇಂದಿಗೂ ನಡೆಯುತ್ತಿರುವುದರಿಂದ, ಹಳೆಯದೆಂದು ಯಾರೂ ಇಟ್ಟಿಗೆಯನ್ನು ಪಕ್ಕಕ್ಕೆ ತಳ್ಳುವುದಿಲ್ಲ.

ಯಾವ ಆಕಾರ ಯಾವ ಬಣ್ಣದಲ್ಲಿ ಎಷ್ಟು ತಯಾರಾಗಿದೆ ಎಂಬುದರ ಮೇಲೆ ಬೆಲೆ ನಿಂತಿದೆ. ಪ್ರತಿ ಆಕಾರಕ್ಕೂ ಒಂದು ಸಂಖ್ಯೆಯಿದೆ; ಮೇಲೆ ಎರಡು ಗುಂಡನೆಯ ಉಬ್ಬುಗಳಿರುವ ಇಟ್ಟಿಗೆಯದು 3004. ಕೆಂಪು, ಬಿಳಿ ಬಣ್ಣಗಳಲ್ಲಿ ಅದು ಎಷ್ಟು ಬೇಕಾದರೂ ಸಿಗುತ್ತದೆ. ಸ್ಯಾಂಡ್ ಗ್ರೀನ್ ಎಂಬ ಬೂದು ಬೆರೆತ ಹಸಿರಿನ ಕಥೆ ಬೇರೆ. 2008ರಲ್ಲಿ ಬಂದ 'ಗ್ರೀನ್ ಗ್ರೋಸರ್' ಎಂಬ 2,352 ತುಂಡುಗಳ ಸೆಟ್‌ನ ಗೋಡೆಗಳು ಈ ಬಣ್ಣದವು. ಅದರ ಮಾರಾಟ ನಿಂತ ಮೇಲೆ, ಬಿಡಿ ತುಂಡು ಕೊಂಡು ತಾವೇ ಕಟ್ಟಿಕೊಳ್ಳಬೇಕೆಂದವರು ಈ ಹಸಿರಿಗಾಗಿ ಹುಡುಕಾಡಿದರು. ಎಂಟು ಉಬ್ಬಿನ ಉದ್ದ ಇಟ್ಟಿಗೆಯಂತೂ ವಿಪರೀತ ದುಬಾರಿಯಾಯಿತು.

ಅಪಾಯವೂ ಇಲ್ಲೇ ಇದೆ. 2018ರಲ್ಲಿ 'ಸ್ಟ್ಯಾಚ್ಯೂ ಆಫ್ ಲಿಬರ್ಟಿ' ಸೆಟ್ ಬಂದಾಗ ಅದೇ ಹಸಿರಿನ ರಾಶಿ ರಾಶಿ ತುಂಡುಗಳು ಪೇಟೆಗೆ ಇಳಿದವು. 2011ರ ಒಂದು ಸೆಟ್‌ನಲ್ಲಿ ಮಾತ್ರ ಇದ್ದ ಲೆಗೊ ಮೇಕೆಗೆ ಸಂಗ್ರಾಹಕರು ಕೈತುಂಬ ಹಣ ಕೊಡುತ್ತಿದ್ದರು. 2024ರಲ್ಲಿ ಹೊಸ ಮೇಕೆ ಬಂದಿತು. ಅದಕ್ಕಾಗಿ ನಾನು ಪ್ರಾಣಿಗಳನ್ನೂ ಚಿತ್ರ ಮುದ್ರಿಸಿದ ತುಂಡುಗಳನ್ನೂ ಮುಟ್ಟುವುದಿಲ್ಲ. ಅವನ್ನು ಒಂದೋ ಎರಡೋ ಕೊಳ್ಳುವವರಿದ್ದಾರೆ. ಗೋಡೆ ಕಟ್ಟುವವನಿಗಾದರೋ ಒಂದೇ ಬಣ್ಣದ ನಾನೂರು ಇಟ್ಟಿಗೆ ಒಟ್ಟಿಗೇ ಬೇಕು. ಐದು ಮಾರಾಟಗಾರರಿಂದ ತರಿಸಿದರೆ ಐದು ಅಂಚೆ ವೆಚ್ಚ. ಅಷ್ಟನ್ನೂ ಒಂದೇ ಕಡೆ ಕೊಡಬಲ್ಲವನಿಗೆ ಅವನು ನಾಲ್ಕು ಕಾಸು ಹೆಚ್ಚು ಕೊಡಲು ಸಿದ್ಧನಿರುತ್ತಾನೆ. ನನ್ನ ವ್ಯಾಪಾರವೆಲ್ಲ ಈ ಒಂದು ಗಿರಾಕಿಯನ್ನು ನಂಬಿಕೊಂಡಿದೆ.

ಖರೀದಿ ಹೆಚ್ಚಾಗಿ ಲೆಗೊ ಅಂಗಡಿಯ ಹಿಂಗೋಡೆಯಲ್ಲಿ. ಅಲ್ಲಿ ಗೂಡುಗಳಲ್ಲಿ ತುಂಡುಗಳನ್ನು ತುಂಬಿಟ್ಟಿರುತ್ತಾರೆ, ಲೋಟದ ಲೆಕ್ಕದಲ್ಲಿ ಮಾರುತ್ತಾರೆ. ಸುಮ್ಮನೆ ಸುರಿದರೆ ಲೋಟದಲ್ಲಿ ಗಾಳಿಯೇ ಹೆಚ್ಚು. ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಂಬ ಮಾಡಿ, ಲೋಟದೊಳಗೆ ನೇರ ನಿಲ್ಲಿಸಿ, ಅಂಚಿನ ಸಂದುಗಳಿಗೆ ಬಿಡಿ ತುಂಡುಗಳನ್ನು ತುರುಕುತ್ತೇನೆ. ಮುಚ್ಚಳ ಕೂತರೆ ಸಾಕು. ತಾಳ್ಮೆ ಬೇಕು, ಆದರೆ ಒಂದೊಂದು ಇಟ್ಟಿಗೆಗೆ ಬೀಳುವ ಅಸಲು ಗಣನೀಯವಾಗಿ ಇಳಿಯುತ್ತದೆ. ಒಂದು ಬದಿಯಲ್ಲಿ ಗಾರೆಯ ಗೆರೆ ಮೂಡಿರುವ ಇಟ್ಟಿಗೆಗಳು ಮಾಸಲು ಬಣ್ಣಗಳಲ್ಲಿ ಕಂಡರೆ ಬಿಡುವುದೇ ಇಲ್ಲ. ಮನೆ, ಕೋಟೆ ಕಟ್ಟುವವರೆಲ್ಲ ಕೇಳುವ ಸರಕು ಅದು.

ಎಣಿಕೆಗೆ ಸಮಯ ಕೊಟ್ಟರೆ ಲಾಭ ಅಲ್ಲೇ ಕರಗುತ್ತದೆ. ನೂರು ಇಟ್ಟಿಗೆ ಎಣಿಸಿ ಆಭರಣ ತೂಗುವಂಥ ಸಣ್ಣ ತಕ್ಕಡಿಯಲ್ಲಿ ಇಟ್ಟು ತೂಕ ಬರೆದುಕೊಳ್ಳುತ್ತೇನೆ. ಉಳಿದದ್ದನ್ನು ತೂಕದಿಂದಲೇ ಅಳೆಯುತ್ತೇನೆ. ಜಿಪ್ ಚೀಲಕ್ಕೆ ಹಾಕಿ, ಸಂಖ್ಯೆ, ಬಣ್ಣ, ಕೊಂಡ ತಿಂಗಳು ಬರೆದು, ಬೆಳಕು ಬೀಳದ ಕಪಾಟಿಗೆ ಸೇರಿಸುತ್ತೇನೆ. ಬಿಸಿಲು ತಗುಲಿದರೆ ಬಿಳಿ ಇಟ್ಟಿಗೆ ಹಳದಿಗೆ ತಿರುಗುತ್ತದೆ. ಹಳೆಯ ಕಂದು, ಕಡುಗೆಂಪು ತುಂಡುಗಳು ಬಿಡಿಸುವಾಗಲೇ ಪಟ್ಟನೆ ಮುರಿಯುವುದುಂಟು; ಬಳಸಿದ ಸರಕಿನಲ್ಲಿ ಆ ಬಣ್ಣಗಳನ್ನು ನಾನು ಕೊಳ್ಳುವುದಿಲ್ಲ.

ಮಾರುವುದು ಬ್ರಿಕ್‌ಲಿಂಕ್ ಎಂಬ ಜಾಲತಾಣದಲ್ಲಿ; ಅಲ್ಲಿ ಹಲವರು ತಮ್ಮ ತಮ್ಮ ಅಂಗಡಿ ತೆರೆದು ಲೆಗೊ ತುಂಡುಗಳನ್ನು ಮಾರುತ್ತಾರೆ. 2000ದಲ್ಲಿ ಹುಟ್ಟಿದ ಈ ಮಾರುಕಟ್ಟೆಯನ್ನು 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು. ಪ್ರತಿ ತುಂಡಿನ ಕಳೆದ ಆರು ತಿಂಗಳ ಮಾರಾಟವನ್ನು ಅಲ್ಲಿ ಬಣ್ಣವಾರು ತೋರಿಸುತ್ತಾರೆ. ಸರಾಸರಿ ಬೆಲೆಗಿಂತ ನಾನು ಮೊದಲು ನೋಡುವುದು ಮಾರಾಟವಾದದ್ದೆಷ್ಟು, ಮಾರಾಟಕ್ಕಿರುವುದೆಷ್ಟು ಎಂದು. ಆರು ತಿಂಗಳಲ್ಲಿ ಹೋದದ್ದಕ್ಕಿಂತ ಅಂಗಡಿಗಳಲ್ಲಿ ಉಳಿದದ್ದು ಕಡಿಮೆಯಾದರೆ ನನ್ನ ಚೀಲ ಹೊರಗೆ ಬರುತ್ತದೆ. ಅದೇ ಬಣ್ಣದ ದೊಡ್ಡ ಸೆಟ್ ಘೋಷಣೆಯಾದರೆ ಕಾಯದೆ, ಕಡಿಮೆ ಲಾಭಕ್ಕಾದರೂ ಮಾರಿಬಿಡುತ್ತೇನೆ.

ಜರ್ಮನಿಯಲ್ಲಿ ಇದನ್ನು ವ್ಯಾಪಾರವಾಗಿ ಮಾಡುವವರು ಉದ್ಯಮ ನೋಂದಣಿಯ ಜೊತೆಗೆ ಪ್ಯಾಕಿಂಗ್ ವಸ್ತುಗಳಿಗೂ ಪ್ರತ್ಯೇಕ ನೋಂದಣಿ ಮಾಡಿಸಬೇಕು. ಬೆಂಗಳೂರಿನ ಗೆಳೆಯರು ಅಲ್ಲಿಂದಲೇ ಮಾಡಬಹುದೇ ಎಂದು ಕೇಳುತ್ತಿರುತ್ತಾರೆ. ಭಾರತದಲ್ಲಿ ಆಟಿಕೆಗಳ ಆಮದು ಸುಂಕ 2023ರಲ್ಲಿ ಶೇ 70ಕ್ಕೆ ಏರಿತು. ಹೊರಗಿನಿಂದ ತರಿಸಿ ಕೂಡಿಟ್ಟು ಮಾರಿದರೆ ಅಸಲೂ ಹುಟ್ಟುವುದು ಕಷ್ಟ ಎಂದೇ ಅವರಿಗೆ ಹೇಳುತ್ತೇನೆ.