ಥೆರಪಿಗೆ ಬಂದವರ ಖಿನ್ನತೆಯ ಸ್ಕೋರ್ ನಾಲ್ಕು ಅಂಕ ಇಳಿಯಿತು, ಸರಿ. ಅದರಿಂದ ಏನು ಗೊತ್ತಾಯಿತು?

ನಾನು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ) ಥೆರಪಿಸ್ಟ್. ಓದುವಾಗ ಸಂಖ್ಯಾಶಾಸ್ತ್ರದ ಒಂದು ಪೇಪರ್ ಇತ್ತು, ಸೂತ್ರಗಳನ್ನು ಉರು ಹೊಡೆದು ಪಾಸಾದೆ, ಪರೀಕ್ಷೆ ಮುಗಿದ ಮರುದಿನವೇ ಮರೆತೆ. ನನ್ನ ಕೆಲಸ ಜನರ ಜೊತೆ ಮಾತಾಡೋದು, ಲೆಕ್ಕ ನನಗ್ಯಾಕೆ ಅಂದುಕೊಂಡೇ ಎರಡು ವರ್ಷ ಕಳೆದೆ.

ಒಂದು ದಿನ ನನಗೆ ಸೂಪರ್‌ವಿಷನ್ ಕೊಡುತ್ತಿದ್ದ ಮೇಡಂ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೆ, ಖಿನ್ನತೆಗೆಂದು ಬರುತ್ತಿದ್ದ ಒಬ್ಬರ ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಪ್ರಶ್ನಾವಳಿ, ಅಂಕ ಹೆಚ್ಚಿದಷ್ಟು ಖಿನ್ನತೆ ಹೆಚ್ಚು) ಸ್ಕೋರ್ 18ರಿಂದ 14ಕ್ಕೆ ಇಳಿದಿದೆ ಅಂತ. ಅವರು ಕೇಳಿದ್ದು ಒಂದೇ ಮಾತು: "ಇಳಿದದ್ದು ಅವರ ಬೇಸರವಾ, ಬರೀ ಪ್ರಶ್ನಾವಳಿಯ ಓಲಾಟವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಲಿಕೆ ಶುರುವಾದದ್ದು ಅಲ್ಲಿಂದ. ಪಿಎಚ್‌ಕ್ಯೂ-9ರಲ್ಲಿ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಏನೂ ಬದಲಾಗದ ವ್ಯಕ್ತಿಯನ್ನೇ ಎರಡು ಸಲ ಕೇಳಿದರೂ ಅಂಕ ಅಷ್ಟಿಷ್ಟು ಹೆಚ್ಚುಕಮ್ಮಿ ಆಗುತ್ತದೆ, ಹಳೇ ತಕ್ಕಡಿಯ ಮುಳ್ಳಿನ ಹಾಗೆ. ಮುಳ್ಳು ಎಷ್ಟು ಅಲ್ಲಾಡುತ್ತದೆ ಅಂತ ತಿಳಿಯದೆ ತೂಕ ಓದೋದು ಹೇಗೆ? ಇದಕ್ಕೆ ಜೇಕಬ್ಸನ್ ಮತ್ತು ಟ್ರೂಆಕ್ಸ್ ಅನ್ನೋ ಸಂಶೋಧಕರು 1991ರಲ್ಲಿ ವಿವರಿಸಿದ ಲೆಕ್ಕ ಒಂದಿದೆ, ರಿಲಯಬಲ್ ಚೇಂಜ್ ಇಂಡೆಕ್ಸ್ ಅಂತ. ಪೆನ್ನು ಹಿಡಿದು ನಾನೇ ಹಾಕಿದೆ. ಸ್ಟ್ಯಾಂಡರ್ಡ್ ಡೀವಿಯೇಶನ್ (ಜನರ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು) 6, ರಿಲಯಬಿಲಿಟಿ (ಅಳತೆ ಎಷ್ಟು ನಂಬಬಹುದಾದದ್ದು, 1 ಅಂದರೆ ಓಲಾಟವೇ ಇಲ್ಲ) 0.84 ಅಂತ ಇಟ್ಟುಕೊಳ್ಳಿ. 1ರಲ್ಲಿ 0.84 ಕಳೆದರೆ 0.16, ಅದರ ವರ್ಗಮೂಲ 0.4, ಅದನ್ನು 6ರಿಂದ ಗುಣಿಸಿದರೆ 2.4. ಇದು ಒಂದು ಸಲದ ಅಳತೆಯ ಓಲಾಟ. ನಾವು ಅಳೆದದ್ದು ಎರಡು ಸಲ, ಹಾಗಾಗಿ ಎರಡರ ವರ್ಗಮೂಲದಿಂದ ಗುಣಿಸಬೇಕು, ಸುಮಾರು 3.4 ಆಗುತ್ತದೆ. ನೂರಕ್ಕೆ 95ರ ಭರವಸೆ ಬೇಕು ಅಂತ ಅದನ್ನು 1.96ರಿಂದ ಗುಣಿಸಿದರೆ ಸುಮಾರು 6.7. ಅಂದರೆ ಕಡಿಮೆ ಅಂದರೂ 7 ಅಂಕ ಇಳಿಯಬೇಕು, ಆಗ ಮಾತ್ರ ಇದು ಬರೀ ಓಲಾಟ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು.

ನನ್ನದು ನಾಲ್ಕು. ಮುಖ ಸಪ್ಪೆಯಾಯಿತು.

ಹಾಗಂತ ಆ ವ್ಯಕ್ತಿ ಸುಧಾರಿಸಲೇ ಇಲ್ಲ ಅಂತಲ್ಲ. ನಿದ್ದೆ ಬರುತ್ತಿತ್ತು, ಕೆಲಸಕ್ಕೆ ಹೋಗುತ್ತಿದ್ದರು. ಆ ನಾಲ್ಕು ಅಂಕವನ್ನೇ ಸಾಕ್ಷಿ ಅಂತ ಹಿಡಿಯೋ ಹಾಗಿರಲಿಲ್ಲ, ಅಷ್ಟೇ. (ಇನ್ನೊಂದು, ಒಟ್ಟು ಅಂಕ ಎಷ್ಟೇ ಇಳಿಯಲಿ, ಒಂಬತ್ತನೇ ಪ್ರಶ್ನೆಯನ್ನು ಬೇರೆಯಾಗಿ ನೋಡಲೇಬೇಕು, ಅದು ಸಾಯುವ ಯೋಚನೆಯದ್ದು.)

ಆಮೇಲೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಜನ ಥೆರಪಿಗೆ ಬರೋದೇ ತೀರಾ ಸೋತಾಗ, ಅಲ್ವಾ? ಅಷ್ಟು ಕೆಳಗಿದ್ದವರಲ್ಲಿ ಹಲವರು ಏನೂ ಮಾಡದಿದ್ದರೂ ಸ್ವಲ್ಪ ಮೇಲೆ ಬರುತ್ತಾರೆ. ರಿಗ್ರೆಶನ್ ಟು ದ ಮೀನ್ (ಸರಾಸರಿಯ ಕಡೆಗೆ ಮರಳೋದು) ಅನ್ನೋ ಭಾರದ ಹೆಸರು ಇದಕ್ಕಿದೆ, ನಮ್ಮಲ್ಲಿ ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಅನ್ನುತ್ತಾರೆ. ಕಾಗೆ ನಾನೇ ಇರಬಹುದು ಅನ್ನೋ ಅನುಮಾನ ಬಂತು. ಅವತ್ತಿನಿಂದ ಥೆರಪಿ ಶುರು ಮಾಡೋ ಮುಂಚೆಯೇ, ತುರ್ತು ಇಲ್ಲದಿದ್ದರೆ ಮಾತ್ರ, ಮೂರು ಸಲ ಅಂಕ ತೆಗೆದು ಗ್ರಾಫ್ ಹಾಕಲು ಶುರು ಮಾಡಿದೆ. ಒಬ್ಬರ ಗೆರೆ 19, 15, 13 ಅಂತ ನಾನು ಏನೂ ಮಾಡದೆಯೇ ಜಾರಿತು. ಹಿಂದೆ ಆಗಿದ್ದರೆ ಆ ಆರು ಅಂಕವನ್ನೂ ನನ್ನ ಖಾತೆಗೇ ಜಮಾ ಮಾಡಿಕೊಳ್ಳುತ್ತಿದ್ದೆ!

ಇನ್ನೊಂದು ಮೋಸ ನನ್ನದೇ ಶೀಟ್‌ನಲ್ಲಿತ್ತು. 22 ಜನರಲ್ಲಿ ಕೊನೆವರೆಗೆ ಬಂದ 14 ಜನರ ಸರಾಸರಿ ಇಳಿಕೆ 8 ಅಂಕ, ಚೆನ್ನಾಗಿದೆ. ನಡುವೆ ಬಿಟ್ಟುಹೋದ 8 ಜನರದ್ದು ಬರೀ 1. ಎಲ್ಲರನ್ನೂ ಸೇರಿಸಿದರೆ 5.5ರ ಹತ್ತಿರ. ಬಿಟ್ಟುಹೋದವರನ್ನು ಮರೆತರೆ ಯಾರು ಬೇಕಾದರೂ ಒಳ್ಳೆ ಥೆರಪಿಸ್ಟ್ ಆಗಬಹುದು.

ಸಂಶೋಧನಾ ಪೇಪರ್ ಓದೋದೂ ಬದಲಾಯಿತು. ಈಗ ಮೊದಲು ನೋಡೋದು, ಯಾರ ಜೊತೆ ಹೋಲಿಸಿದ್ದಾರೆ ಅಂತ. ಸುಮ್ನೆ ಸರದಿಯಲ್ಲಿ ಕಾಯುತ್ತಿದ್ದವರ ಜೊತೆ ಹೋಲಿಸಿದರೆ ಥೆರಪಿ ದೊಡ್ಡದಾಗಿ ಕಾಣುತ್ತದೆ, ಬೇರೆ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದರೆ ಅಂತರ ಸಾಮಾನ್ಯವಾಗಿ ಕುಗ್ಗುತ್ತದೆ. ಪಿ-ವ್ಯಾಲ್ಯೂ 0.03 ಅಂದರೆ ಥೆರಪಿ ಕೆಲಸ ಮಾಡೋ ಸಾಧ್ಯತೆ ನೂರಕ್ಕೆ 97 ಅಂತ ನಾನು ವರ್ಷಗಟ್ಟಲೆ ನಂಬಿದ್ದೆ. ತಪ್ಪು. ಥೆರಪಿಯಿಂದ ಏನೂ ವ್ಯತ್ಯಾಸವೇ ಇಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣೋ ಸಾಧ್ಯತೆ ನೂರಕ್ಕೆ 3, ಅದು ಹೇಳೋದು ಇಷ್ಟೇ. ಅಂತರ ಎಷ್ಟು ದೊಡ್ಡದು ಅನ್ನೋದಕ್ಕೆ ಎಫೆಕ್ಟ್ ಸೈಜ್ ನೋಡಬೇಕು.

ತಮಾಷೆ ಅಂದರೆ, ಇದೆಲ್ಲ ಸಿಬಿಟಿಯ ಒಳಗೇ ಇತ್ತು. "ನಿಮ್ಮ ಯೋಚನೆಯನ್ನು ಸತ್ಯ ಅಂತ ಹಿಡಿಯಬೇಡಿ, ಅದರ ಪರ ವಿರುದ್ಧ ಸಾಕ್ಷಿ ಬರೆಯಿರಿ" ಅಂತ ದಿನಾ ಎದುರಿಗೆ ಕೂತವರಿಗೆ ಹೇಳುತ್ತಿದ್ದೆ, 'ನನ್ನ ಥೆರಪಿ ಕೆಲಸ ಮಾಡುತ್ತದೆ' ಅನ್ನೋ ನನ್ನ ಯೋಚನೆಗೆ ಮಾತ್ರ ಆ ಹಾಳೆ ತೆಗೆದಿರಲಿಲ್ಲ.

ಫ್ಯಾಕ್ಟರ್ ಅನಾಲಿಸಿಸ್ (ಹಲವು ಪ್ರಶ್ನೆಗಳ ಹಿಂದೆ ಅಡಗಿರೋ ಕೆಲವೇ ಅಂಶಗಳನ್ನು ಹುಡುಕೋ ಲೆಕ್ಕ) ಮಾತ್ರ ಇವತ್ತಿಗೂ ಕಬ್ಬಿಣದ ಕಡಲೆ. ಪೇಪರ್‌ನಲ್ಲಿ ಅದು ಬಂದರೆ ಮೇಡಂಗೆ ಫೋನ್ ಮಾಡುತ್ತೇನೆ.