ಮೊದಲು ಹುಲ್ಲು, ಆಮೇಲೆ ಜಿಂಕೆ, ಕೊನೆಗೆ ಚೀತಾ

2022ರ ಸೆಪ್ಟೆಂಬರ್ 17ರಂದು ನಮೀಬಿಯಾದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೊ ಕಾಡಿಗೆ ಬಂದಿಳಿದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. (ಕನ್ನಡದಲ್ಲಿ ಇದಕ್ಕೆ ಸಿವಂಗಿ ಎಂಬ ಹಳೆಯ ಹೆಸರಿದೆ. ಚಿರತೆಯೇ ಬೇರೆ, ಇದೇ ಬೇರೆ.) ಬೋನಿನ ಬಾಗಿಲು ತೆರೆಯಲು ಒಂದು ಗಳಿಗೆ ಸಾಕು. ಕಾಡನ್ನು ಅಣಿಗೊಳಿಸುವ ಕೆಲಸ ಅಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಶುರುವಾಗಿತ್ತು, ಅದೂ ಗಿರ್‌ನ ಸಿಂಹಗಳಿಗಾಗಿ. ಸಿಂಹ ಬರಲೇ ಇಲ್ಲ.

ಕಣ್ಮರೆಯಾದ ಬೇಟೆಪ್ರಾಣಿಯನ್ನು ಮರಳಿ ತರುವ ಮುನ್ನ ಅದು ಹೋದದ್ದೇಕೆ ಎಂದು ಕೇಳಿಕೊಳ್ಳಬೇಕು. 1947ರಲ್ಲಿ ಈಗಿನ ಛತ್ತೀಸ್‌ಗಢದಲ್ಲಿದ್ದ ಕೊರಿಯಾ ಸಂಸ್ಥಾನದ ಮಹಾರಾಜ ಮೂರು ಚೀತಾಗಳನ್ನು ಹೊಡೆದುರುಳಿಸಿದ. 1952ರಲ್ಲಿ ಪ್ರಾಣಿಯೇ ಇಲ್ಲವೆಂದು ಸರ್ಕಾರ ಘೋಷಿಸಿತು. ಬಂದೂಕನ್ನು ಕಾನೂನು ತಡೆಯಬಲ್ಲದು. ಹೊಲವಾಗಿ ಹೋದ ಹುಲ್ಲುಗಾವಲನ್ನು ಮರಳಿ ಪಡೆಯುವುದೇ ಕಷ್ಟ.

ಕುನೊದಲ್ಲಿ ಅದು ಸಿಕ್ಕಿದ್ದು 24 ಹಳ್ಳಿಗಳನ್ನು ಎಬ್ಬಿಸಿದ ಮೇಲೆ. ಹೆಚ್ಚಿನವರು ಸಹರಿಯಾ ಬುಡಕಟ್ಟಿನವರು. ಅವರು ಉತ್ತು ಬಿತ್ತಿದ ಹೊಲಗಳೇ ಇಂದು ಜಿಂಕೆ ಮೇಯುವ ಬಯಲು. ಇಂಥ ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲು ಊರು ಬಿಟ್ಟವರದಾಗಿರಬೇಕು, ಸಾಮಾನ್ಯವಾಗಿ ಆಗುವುದಿಲ್ಲ. ಬಯಲು ಸಿಕ್ಕಿತೆಂದು ಸುಮ್ಮನಿದ್ದರೆ ಮುಳ್ಳುಕಂಟಿ ನುಗ್ಗುತ್ತದೆ. ಮಳೆಗೆ ಮುಂಚೆ ಬೇರುಸಮೇತ ಕೀಳಬೇಕು, ಕಡಿದು ಬಿಟ್ಟರೆ ಇಮ್ಮಡಿ ಚಿಗುರುತ್ತದೆ. ಪಾಳುಬಾವಿಗಳನ್ನು ಮುಚ್ಚುವುದೂ ಮರೆಯಬಾರದು.

ಇನ್ನು ಊಟದ ಲೆಕ್ಕ. ಕಾಡಿನಲ್ಲಿ ಎರಡು–ಮೂರು ಕಿ.ಮೀ. ಉದ್ದದ ನೇರ ಗೆರೆಗಳನ್ನು ಹಾಕಿ, ಹಿಂದಿನ ದಿನವೇ ತರಗೆಲೆ ಗುಡಿಸಿಡಬೇಕು. ಚರಚರ ಸದ್ದಾದರೆ ಹಿಂಡು ಓಡುತ್ತದೆ. ಬೆಳಕು ಹರಿಯುತ್ತಲೇ ಇಬ್ಬರು ಹೊರಡಬೇಕು. ಜಿಂಕೆ ಕಂಡಲ್ಲಿ ನಿಂತು ತಲೆ ಎಣಿಸಿ, ದಿಕ್ಸೂಚಿಯಲ್ಲಿ ಕೋನ, ರೇಂಜ್‌ಫೈಂಡರ್‌ನಲ್ಲಿ ದೂರ ಬರೆದುಕೊಳ್ಳಬೇಕು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲೇ ನಮ್ಮ ನಾಗರಹೊಳೆಯಲ್ಲಿ ನಡೆಸಿದ ಎಣಿಕೆ ಇದೇ ಬಗೆಯದು. ಕಾಣದೆ ಉಳಿದವು ಎಷ್ಟಿರಬಹುದು ಎಂಬುದನ್ನು ಆ ಕೋನ, ದೂರಗಳಿಂದಲೇ ಅಂದಾಜಿಸುತ್ತಾರೆ.

ಸಂಖ್ಯೆ ಸಾಲದಿದ್ದರೆ ಬೇರೆ ಕಾಡಿನಿಂದ ತರಬೇಕು. ಚುಕ್ಕೆಜಿಂಕೆಯನ್ನು ಕೈಯಲ್ಲಿ ಹಿಡಿದರೆ ಗಾಬರಿಗೇ ಪ್ರಾಣ ಬಿಡುತ್ತದೆ. ಅದಕ್ಕೆ ಆಫ್ರಿಕಾದ ಉಪಾಯವೊಂದಿದೆ: ಬೊಮಾ. ಆಚೆ ಕಾಣದಂಥ ಪರದೆಯನ್ನು ಲಾಳಿಕೆಯ ಆಕಾರದಲ್ಲಿ ಕಟ್ಟಿ, ಹಿಂಡನ್ನು ಅಗಲ ಬಾಯಿಂದ ಒಳಗೆ ಹಾಯಿಸುತ್ತಾರೆ. ಪರದೆ ಅದಕ್ಕೆ ಗೋಡೆಯಂತೆ ಕಾಣುತ್ತದೆ. ಕಿರಿದಾಗುತ್ತ ಹೋದ ದಾರಿ ಕೊನೆಗೆ ಲಾರಿಯೊಳಗೇ ಮುಗಿಯುತ್ತದೆ. ಲಾರಿಯಲ್ಲಿ ಹುಲ್ಲು ಹಾಸಿ, ಕತ್ತಲು ಮಾಡಿರಬೇಕು; ಕತ್ತಲಲ್ಲಿ ಜಿಂಕೆ ತಣ್ಣಗಿರುತ್ತದೆ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಶಾಜಾಪುರದ ಹೊಲಗಳಿಂದ ಕೃಷ್ಣಮೃಗಗಳನ್ನು ಬೊಮಾಕ್ಕೆ ಅಟ್ಟಿದ್ದು ಹೆಲಿಕಾಪ್ಟರ್‌ನಿಂದ!

ಬೇಲಿ ಎಲ್ಲರ ಕಣ್ಣಿಗೂ ಬೀಳುವಂಥದ್ದು, ಫೋಟೊ ಬರುವುದೂ ಅದರದ್ದೇ. ಅದೇ ರಾಜ್ಯದ ಗಾಂಧಿಸಾಗರ ಅಭಯಾರಣ್ಯದಲ್ಲಿ 64 ಚದರ ಕಿ.ಮೀ. ಜಾಗಕ್ಕೆ ಬೇಲಿ ಹಾಕಿ, 2025ರ ಏಪ್ರಿಲ್‌ನಲ್ಲಿ ಕುನೊದ ಎರಡು ಗಂಡು ಚೀತಾಗಳನ್ನು ಬಿಟ್ಟರು. ಆದರೆ ಬೇಲಿ ಮುಗಿಯುವಷ್ಟರಲ್ಲಿ ಚಿರತೆ ಒಳಗೇ ಉಳಿದಿದ್ದರೆ? ಕುನೊದಲ್ಲಿ ಆದದ್ದೇ ಅದು. ಹೊರಹಾಕಲು ಬೋನು ಸಾಲದೆ, ಸಾತ್ಪುಡದಿಂದ ಸಾಕಾನೆಗಳನ್ನೇ ಕರೆಸಿದರು.

ಸುತ್ತಲಿನ ಹಳ್ಳಿಗಳ ನಾಯಿಗಳಿಗೆ ರೇಬಿಸ್, ಡಿಸ್ಟೆಂಪರ್ ಲಸಿಕೆ ಹಾಕಿಸುವುದು ಬೇಲಿಗಿಂತ ಅಗ್ಗ. ನಾಯಿಗಳಿಂದ ಇತರ ಪ್ರಾಣಿಗಳಿಗೂ ಹರಡುವ ಡಿಸ್ಟೆಂಪರ್ ವೈರಾಣು 2018ರಲ್ಲಿ ಗಿರ್ ಸಿಂಹಗಳನ್ನು ಕೊಂದಿತ್ತು. ಕುನೊ ಸುತ್ತ ‘ಚೀತಾ ಮಿತ್ರ’ರನ್ನೂ ನೇಮಿಸಿದರು, ಚೀತಾ ಕೊಟ್ಟಿಗೆ ಕಡೆ ಬಂದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು ಎಂದು ಊರವರಿಗೆ ತಿಳಿಸುವುದು ಅವರ ಕೆಲಸ.

ಕೊನೆಯದು ಪಂಚಾಂಗ. ಇಲ್ಲಿ ಮಳೆಗಾಲವಾಗಿರುವಾಗ ಆಫ್ರಿಕಾದ ದಕ್ಷಿಣದಲ್ಲಿ ಚಳಿಗಾಲ. ಬಂದ ಚೀತಾಗಳ ಮೈ ಹಳೆಯ ಅಭ್ಯಾಸದಂತೆ ದಟ್ಟ ಕೂದಲು ಬಿಟ್ಟಿತು. 2023ರ ಮಳೆಯಲ್ಲಿ ರೇಡಿಯೊ ಕಾಲರ್ (ಪ್ರಾಣಿ ಎಲ್ಲಿದೆ ಎಂದು ತಿಳಿಸುವ ಕೊರಳಪಟ್ಟಿ) ಕೆಳಗಿನ ಕೂದಲು ಒಣಗದೆ, ಗಾಯವಾಗಿ, ಹುಳು ಬಿದ್ದು, ರಕ್ತಕ್ಕೆ ನಂಜೇರಿ ಕೆಲವು ಸತ್ತವು. ಕಾಡಿಗೆ ಬಿಟ್ಟಿದ್ದವನ್ನು ಹಿಡಿದು ಮತ್ತೆ ಆವರಣಕ್ಕೆ ತಂದರು. ಅವುಗಳಲ್ಲಿ ಅಗ್ನಿ, ವಾಯು ಎಂಬ ಜೋಡಿಗೆ ಗೇಟು ಮತ್ತೆ ತೆರೆದದ್ದು 2023ರ ಡಿಸೆಂಬರ್‌ನಲ್ಲಿ, ನೆಲ ಚೆನ್ನಾಗಿ ಒಣಗಿದ ಮೇಲೆ.