ಭಕ್ತಿ ಬಿಟ್ಟು ಓದುವುದು, ಗಮನವಿಟ್ಟು ಅಣಕಿಸುವುದು

ಅಣಕ ಬರೆಯಲು ಹೊರಟವರು ಸಾಮಾನ್ಯವಾಗಿ ತಮಗೆ ಸೇರದ ಕೃತಿಯನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಕೆಲಸ ಕೆಡುವುದು ಅಲ್ಲಿಯೇ. ಸೇರದ ಪುಸ್ತಕವನ್ನು ನಾವು ಇಪ್ಪತ್ತು ಪುಟಕ್ಕಿಂತ ಹೆಚ್ಚು ಓದಿರುವುದಿಲ್ಲ, ಒಗ್ಗದ ಸಿನಿಮಾವನ್ನು ಮಧ್ಯಂತರದ ನಂತರ ನೋಡಿರುವುದಿಲ್ಲ. ಹಾಗಾಗಿ ಬರೆದದ್ದು ಅಣಕವಾಗದೆ ಬರಿಯ ಬೈಗುಳವಾಗುತ್ತದೆ. ನಾಲ್ಕಾರು ಬಾರಿ ಓದಿರುವ, ಕೆಲವು ಸಾಲುಗಳು ಬಾಯಿಪಾಠವೇ ಆಗಿರುವ, ಯಾರಾದರೂ ಹಳಿದರೆ ಮನಸ್ಸಿಗೆ ತುಸು ನೋವಾಗುವ ಕೃತಿಯನ್ನೇ ಆರಿಸಿಕೊಳ್ಳಿ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ಹಾಸ್ಯವನ್ನು ಶೃಂಗಾರದ ಅನುಕೃತಿಯೆಂದು ಕರೆದಿದೆ. ಒಲವನ್ನು ಅನುಕರಿಸಲು ಹೋಗಿ ಹುಟ್ಟಿದ್ದು ನಗು ಎಂಬ ಈ ಮಾತನ್ನು ಅಣಕದ ಬರಹಗಾರ ಅಕ್ಷರಶಃ ನಂಬಬಹುದು.

ವೀರಯೋಧರ ಸಾಹಸಕಥೆಗಳನ್ನು ಗೇಲಿ ಮಾಡಿದ, ಸ್ಪೇನಿನ ಸೆರ್ವಾಂಟಿಸ್ ಬರೆದ ಕಾದಂಬರಿ ‘ಡಾನ್ ಕಿಹೋಟೆ’ಯ ಮೊದಲ ಭಾಗ 1605ರಲ್ಲಿ ಪ್ರಕಟವಾಯಿತು. ಅದರ ಆರನೆಯ ಅಧ್ಯಾಯದಲ್ಲಿ ಪಾದ್ರಿ ಮತ್ತು ಕ್ಷೌರಿಕ ಸೇರಿ ನಾಯಕನ ಪುಸ್ತಕಗಳನ್ನು ಬೆಂಕಿಗೆ ಹಾಕಲು ನಿಲ್ಲುತ್ತಾರೆ, ಆದರೆ ಒಂದೊಂದನ್ನೂ ಕೈಯಲ್ಲಿ ಹಿಡಿದು ಗುಣದೋಷ ಚರ್ಚಿಸಿ, ಚೆನ್ನಾಗಿರುವ ಕೆಲವನ್ನು ಉಳಿಸಿಯೂ ಬಿಡುತ್ತಾರೆ. ಆ ರದ್ದಿಯನ್ನೆಲ್ಲ ಸೆರ್ವಾಂಟಿಸ್ ಆಸೆಯಿಂದ ಓದಿರದಿದ್ದರೆ ಇಂತಹ ದೃಶ್ಯವನ್ನು ಬರೆಯುವುದು ಸಾಧ್ಯವಿರಲಿಲ್ಲ.

ಕೃತಿ ನಿಶ್ಚಯವಾದ ಮೇಲೆ ಅದನ್ನು ಮತ್ತೊಮ್ಮೆ ಓದಬೇಕು. ಈ ಬಾರಿ ಗೌರವವನ್ನು ಬದಿಗಿರಿಸಿ, ಪೆನ್ಸಿಲ್ ಹಿಡಿದು, ಲೆಕ್ಕ ಹಾಕುತ್ತಾ ಓದಬೇಕು. ನಾಯಕಿ ಎಷ್ಟು ಬಾರಿ ಕಿಟಕಿಯ ಬಳಿ ನಿಂತು ಮಳೆ ನೋಡುತ್ತಾಳೆ, ಎಷ್ಟು ಅಧ್ಯಾಯಗಳು ಉತ್ತರವಿಲ್ಲದ ಪ್ರಶ್ನೆಯಲ್ಲಿ ಮುಗಿಯುತ್ತವೆ, ‘ಅನನ್ಯ’ ಎಂಬ ವಿಶೇಷಣ ಒಂದೇ ಪುಟದಲ್ಲಿ ಎಷ್ಟು ವಸ್ತುಗಳಿಗೆ ಅಂಟಿಕೊಂಡಿದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಸಿನಿಮಾವಾದರೆ ಒಂದು ಹೊಡೆದಾಟವನ್ನು ಧ್ವನಿಯಿಲ್ಲದೆ ನೋಡುವುದು ಒಳ್ಳೆಯ ಉಪಾಯ. ಹಿನ್ನೆಲೆ ಸಂಗೀತ ನಿಂತ ಕೂಡಲೇ, ಹತ್ತು ಮಂದಿ ಖಳರು ನಾಯಕನಿಂದ ಒದೆ ತಿನ್ನಲು ಒಬ್ಬರ ಹಿಂದೆ ಒಬ್ಬರು ಸರದಿ ಕಾಯುವ ಶಿಸ್ತು ಎದ್ದು ಕಾಣುತ್ತದೆ. ಹೀಗೆ ಸಿಕ್ಕ ಹತ್ತಾರು ಲಕ್ಷಣಗಳಲ್ಲಿ ಎರಡನ್ನು, ಹೆಚ್ಚೆಂದರೆ ಮೂರನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡಿ.

ಇನ್ನು ಬರೆಯುವ ಕ್ರಮ. ರೂಪವನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ವಸ್ತುವನ್ನು ಮಾತ್ರ ಕ್ಷುಲ್ಲಕಗೊಳಿಸುವುದು ಅಣಕದ ಅತ್ಯಂತ ಹಳೆಯ ದಾರಿ. ಹೋಮರನ ಮಹಾಕಾವ್ಯದ ಛಂದಸ್ಸಿನಲ್ಲಿಯೇ ಕಪ್ಪೆಗಳಿಗೂ ಇಲಿಗಳಿಗೂ ಯುದ್ಧ ಹಚ್ಚಿದ ಪುರಾತನ ಗ್ರೀಕ್ ಕಾವ್ಯವೊಂದು ಇಂದಿಗೂ ಉಳಿದಿದೆ. ಕನ್ನಡದ ಓದುಗನಿಗೆ ಇದಕ್ಕೆ ಭಾಮಿನೀ ಷಟ್ಪದಿಗಿಂತ ಸಿದ್ಧವಾದ ಸಲಕರಣೆ ಬೇರೆ ಬೇಕಿಲ್ಲ. ಇದರ ಮೊದಲ ಎರಡು ಸಾಲುಗಳಲ್ಲಿ 3, 4, 3, 4ರಂತೆ ಹದಿನಾಲ್ಕು ಮಾತ್ರೆಗಳು. ಮೂರನೆಯ ಸಾಲಿನಲ್ಲಿ 3 ಮತ್ತು 4ರ ಜೋಡಿ ಮೂರು ಬಾರಿ ಬಂದು, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಸೇರಿ ಇಪ್ಪತ್ತಮೂರು. ಉಳಿದ ಮೂರು ಸಾಲುಗಳು ಇದರದೇ ಪುನರಾವೃತ್ತಿ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಕುಮಾರವ್ಯಾಸ ಈ ಅಳತೆಯಲ್ಲಿ ಕುರುಕ್ಷೇತ್ರವನ್ನೇ ತುಂಬಿದ. ನಾವು ಮೊಬೈಲಿನ ಬ್ಯಾಟರಿ ಮುಗಿದ ಪ್ರಸಂಗವನ್ನು ತುಂಬೋಣ:

ಕರದ ಫೋನಿನ ಕಳೆಯು ಕುಂದಲು
ತರಳ ವೀರನು ಬೆದರಿ ನಡುಗುತ
ಸರನೆ ಚಾರ್ಜರನರಸಿ ಹೊಕ್ಕನು ಮನೆಯ ಮೂಲೆಗಳ

ಸಾಲಿನ ಕೊನೆಯ ‘ಳ’ವನ್ನು ಗುರುವೆಂದೇ ಎಣಿಸುವುದು ವಾಡಿಕೆ. ಚಾರ್ಜರಿಗೆ ಪುಲ್ಲಿಂಗ ಒದಗಿದ್ದು ವ್ಯಾಕರಣದ ಒಪ್ಪಿಗೆಯಿಂದಲ್ಲ, ಮಾತ್ರೆಗಳ ಒತ್ತಾಯದಿಂದ. ಆದರೆ ಆ ಒತ್ತಾಯವೇ ಚಾರ್ಜರನ್ನು ಓಡಿಹೋದ ಶತ್ರುವಿನಂತೆ ಮಾಡಿಬಿಟ್ಟಿತಾದ್ದರಿಂದ ನಾನು ತಿದ್ದಲಿಲ್ಲ. ಗಮನಿಸಬೇಕಾದದ್ದು ಇಷ್ಟು: ಛಂದಸ್ಸು ಒಂದು ಮಾತ್ರೆ ತಪ್ಪಿದರೂ ಓದುಗ ವಸ್ತುವಿಗೆ ನಗುವ ಬದಲು ಬರೆದವನಿಗೆ ನಗುತ್ತಾನೆ. ಗದ್ಯದಲ್ಲಿಯೂ ಹೀಗೆಯೇ. ಮೂಲ ಲೇಖಕರು ಅರ್ಧ ಪುಟದ ವಾಕ್ಯ ಬರೆಯುವವರಾದರೆ, ಕಳೆದುಹೋದ ಚಪ್ಪಲಿಯ ಮೇಲೆ ನೀವೂ ವ್ಯಾಕರಣ ಮುರಿಯದೆ ಅರ್ಧ ಪುಟದ ವಾಕ್ಯವನ್ನೇ ಬರೆಯಬೇಕಾಗುತ್ತದೆ.

ಬರೆಯುವಾಗ ಮುಖದಲ್ಲಿ ನಗೆ ಸುಳಿಯಬಾರದು. ಆಶ್ಚರ್ಯಸೂಚಕ ಚಿಹ್ನೆಗಳನ್ನೂ ‘ಹ್ಹಹ್ಹಹ್ಹ’ಗಳನ್ನೂ ತೆಗೆದುಹಾಕಿ. 1980ರ ‘ಏರ್‌ಪ್ಲೇನ್!’ ಎಂಬ ಅಣಕ ಚಿತ್ರದ ನಿರ್ದೇಶಕರು 1957ರ ಒಂದು ಗಂಭೀರ ವಿಮಾನ ದುರಂತದ ಚಿತ್ರದ ಹಕ್ಕುಗಳನ್ನು ಕೊಂಡು, ಅದರ ಕಥೆಯನ್ನೂ ಹಲವು ಸಂಭಾಷಣೆಗಳನ್ನೂ ಬಹುಮಟ್ಟಿಗೆ ಹಾಗೆಯೇ ಬಳಸಿಕೊಂಡರು. ಮುಖ್ಯ ಪಾತ್ರಗಳಲ್ಲಿ ಹಲವಕ್ಕೆ ಹಾಸ್ಯನಟರನ್ನು ಕರೆಯದೆ, ಲೆಸ್ಲಿ ನೀಲ್ಸನ್‌ರಂತೆ ಅದುವರೆಗೆ ಗಂಭೀರ ಪಾತ್ರಗಳಿಗೆ ಹೆಸರಾಗಿದ್ದ ನಟರನ್ನು ಹಾಕಿಕೊಂಡರು. ತಾವು ಇರುವುದು ಹಾಸ್ಯಚಿತ್ರದಲ್ಲಿ ಎಂಬ ಸುಳಿವೇ ಇಲ್ಲದವರಂತೆ ಅವರು ಮಾತನಾಡುವುದರಿಂದಲೇ ನೋಡುವವರು ಉಸಿರು ಸಿಕ್ಕದೆ ನಗುತ್ತಾರೆ.

ಗುರಿಯ ವಿಷಯದಲ್ಲಿ ನನಗೆ ಹೆಚ್ಚು ಹೇಳುವುದೇನಿಲ್ಲ. ಶೈಲಿಯ ಆಡಂಬರ, ಸವೆದ ಸೂತ್ರ, ಬೆನ್ನುಡಿಯ ಹೊಗಳಿಕೆ, ಇವು ಯಾವಾಗಲೂ ಸಿಗುವ ಬೇಟೆ. ಬರೆದವರ ಮೈಬಣ್ಣ, ಉಚ್ಚಾರಣೆ, ಹುಟ್ಟು ಇವುಗಳಿಗೆ ಕೈಹಾಕಿದವನು ಕೃತಿಯಲ್ಲಿ ಏನನ್ನೂ ಕಾಣಲಾಗಲಿಲ್ಲವೆಂದು ತಾನೇ ಬರೆದುಕೊಟ್ಟಂತೆ. ಅಭಿಮಾನಿಗಳನ್ನು ಹೀಯಾಳಿಸುವುದೂ ಸುಲಭದ ಕೆಲಸ. ನಾವೆಲ್ಲರೂ ಯಾರದೋ ಅಭಿಮಾನಿಗಳೇ ಆಗಿರುವುದರಿಂದ ಅದು ಅಷ್ಟು ಸಭ್ಯವೂ ಅಲ್ಲ.

ಕೈ ಪಳಗಿಸಿಕೊಳ್ಳಲು ಒಂದು ಅಭ್ಯಾಸವಿದೆ. ಅಮೆರಿಕದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಒಂದು ಸ್ಪರ್ಧೆ ಆರಂಭವಾಯಿತು: ಎಂದೂ ಬರೆಯದ ಕಾದಂಬರಿಯೊಂದಕ್ಕೆ ಸಾಧ್ಯವಾದಷ್ಟು ಕೆಟ್ಟ ಮೊದಲ ವಾಕ್ಯವನ್ನು ಬರೆಯುವುದು. ಬಿರುಗಾಳಿಯ ಕತ್ತಲ ರಾತ್ರಿಯಿಂದ ಕಾದಂಬರಿಯನ್ನು ತೆರೆದ ಹತ್ತೊಂಬತ್ತನೆಯ ಶತಮಾನದ ಲೇಖಕ ಬುಲ್ವರ್ ಲಿಟ್ಟನ್ ಅವರ ಹೆಸರನ್ನೇ ಅದಕ್ಕಿಟ್ಟಿದ್ದರು. ನೀವೂ ದಿನಕ್ಕೊಂದರಂತೆ ವಾರವಿಡೀ ಬರೆದು ನೋಡಿ. ಬೇಕೆಂದೇ ಕೆಟ್ಟದಾಗಿ ಬರೆಯುವುದು ಎಷ್ಟು ಕಷ್ಟವೆಂಬುದು ಮೂರನೆಯ ದಿನಕ್ಕೆ ತಿಳಿಯುತ್ತದೆ. ನಿಮ್ಮ ಹಳೆಯ ಕವಿತೆಗಳ ಕಡತವನ್ನು ತೆರೆದರೆ, ಬೇಕೆನ್ನದೆಯೇ ಅದನ್ನು ಎಷ್ಟು ಸಲೀಸಾಗಿ ಸಾಧಿಸಿದ್ದಿರೆಂಬುದೂ ತಿಳಿಯುತ್ತದೆ. ಆ ಕಡತದಷ್ಟು ಒಳ್ಳೆಯ ಅಣಕದ ವಸ್ತು ಬೇರೊಂದಿಲ್ಲ, ಆಕ್ಷೇಪಿಸುವವರೂ ಇಲ್ಲ.

ಬರೆದು ಮುಗಿಸಿದ ಮೇಲೆ ಮೂಲವನ್ನು ಓದಿರದ ಒಬ್ಬರಿಗೆ ಅದನ್ನು ಓದಿ ಹೇಳಿ. ಲೂಯಿಸ್ ಕ್ಯಾರಲ್ 1865ರಲ್ಲಿ ತಮ್ಮ ಮಕ್ಕಳ ಕಥೆಯ ನಾಯಕಿ ಆಲಿಸಳ ಬಾಯಲ್ಲಿ ಹೇಳಿಸಿದ ಮುದುಕ ವಿಲಿಯಂನ ಪದ್ಯವು ಕವಿ ರಾಬರ್ಟ್ ಸೌದಿಯ ಒಂದು ನೀತಿಪದ್ಯದ ಅಣಕ. ತಲೆಕೆಳಗಾಗಿ ನಿಲ್ಲುವ ಆ ಮುದುಕನನ್ನು ಬಲ್ಲವರಲ್ಲಿ ಹೆಚ್ಚಿನವರು ಮೂಲಪದ್ಯದ ಹೆಸರನ್ನೇ ಕೇಳಿಲ್ಲ, ಆದರೂ ನಗುತ್ತಾರೆ. ನಿಮ್ಮ ಕೇಳುಗರು ನಗದೆ ‘ಇದು ಯಾವುದರ ಅಣಕ?’ ಎಂದು ಕೇಳಿದರೆ ಅದನ್ನು ವಿವರಿಸಲು ಹೋಗಬೇಡಿ, ಮನೆಗೆ ಹೋಗಿ ಅರ್ಧಕ್ಕೆ ಇಳಿಸಿ. ಅವರು ನಕ್ಕು ಮೂಲವನ್ನು ಓದಲು ಕೇಳಿದರೆ, ಪೆನ್ಸಿಲ್ ಗುರುತುಗಳಿರುವ ನಿಮ್ಮ ಪ್ರತಿಯನ್ನು ಮಾತ್ರ ಕೊಡಬೇಡಿ.